ಅಂತರರಾಷ್ಟ್ರೀಯ ವ್ಯವಹಾರ ಪದವಿ: ಸಾಲಕ್ಕೂ ಗಳಿಕೆಗೂ ತಾಳೆ ನೋಡುವ ಬಗೆ

ವರ್ಷಾಂತ್ಯದ ಲೆಕ್ಕಪತ್ರ ಮುಗಿಸಲು ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಛೇರಿಗೆ ಬರುವ ವರ್ತಕ ಬಾಂಧವರು ಈಚಿನ ವರ್ಷಗಳಲ್ಲಿ ಕೊನೆಗೆ ಇನ್ನೊಂದು ಪ್ರಶ್ನೆಯನ್ನೂ ಮುಂದಿಡುತ್ತಾರೆ: "ಮಗಳು ಇಂಟರ್‌ನ್ಯಾಷನಲ್ ಬಿಸಿನೆಸ್ ವಿಷಯದಲ್ಲಿ ಎಂ.ಬಿ.ಎ. ಮಾಡುತ್ತೇನೆ ಎನ್ನುತ್ತಾಳೆ. ಹದಿನಾರು ಲಕ್ಷ ಬೇಕು. ಸಾಲ ಮಾಡಬಹುದೇ ಸಾರ್?" ಒಂದು ಲೇತ್ ಯಂತ್ರ ಕೊಳ್ಳುವಾಗ ಅದರ ಉತ್ಪಾದನೆ, ಬಡ್ಡಿ, ಸವಕಳಿ ಎಲ್ಲವನ್ನೂ ಅಳೆದು ನೋಡುವ ಉದ್ಯಮಿಯು ಮಕ್ಕಳ ಪದವಿಯ ವಿಷಯದಲ್ಲಿ ಮಾತ್ರ ಕಾಲೇಜಿನ ಬಣ್ಣದ ಪುಸ್ತಿಕೆಯನ್ನು ನಂಬಿಬಿಡುತ್ತಾನೆ. ವಿದ್ಯೆಯನ್ನು ಹಣದಿಂದ ಅಳೆಯಬಾರದೆಂಬುದು ನಿಜ. ಆದರೆ ವಿದ್ಯೆಗಾಗಿ ಮಾಡಿದ ಸಾಲವನ್ನು ಹಣದಿಂದಲೇ ಅಳೆಯಬೇಕು.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ನಮ್ಮ ಹಳೆಯ ಗ್ರಾಹಕರು. ಮಗಳ ಎರಡು ವರ್ಷದ ಶುಲ್ಕವನ್ನು ಅಂಗಡಿಯ ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ಕಟ್ಟಿದರು. ಎರಡನೆಯ ವರ್ಷದ ಜನವರಿಯಲ್ಲಿ ಮಾರುಕಟ್ಟೆಗೆ ಮಾಲು ಬರತೊಡಗಿದಾಗ ಖಾತೆಯ ಮಿತಿ ತುಂಬಿಹೋಗಿತ್ತು. ಪ್ರತಿ ವರ್ಷ ಖರೀದಿಸಿ ಶೈತ್ಯಾಗಾರದಲ್ಲಿ ಇಡುತ್ತಿದ್ದ ಮಾಲಿನ ಅರ್ಧವನ್ನೂ ಅವರು ಕೊಳ್ಳಲಾಗಲಿಲ್ಲ. ಮಗಳಿಗೆ ಉದ್ಯೋಗವೇನೋ ಸಿಕ್ಕಿತು. ಆದರೆ ಕಳೆದುಹೋದ ಹಂಗಾಮು ಮರಳಿ ಬರಲಿಲ್ಲ. ಮೊದಲ ಕಂತು ಕಟ್ಟಿದಾಗಲೇ ಎಚ್ಚರಿಸದೆ ಹೋದ ತಪ್ಪು ನನ್ನದೂ ಹೌದು. ಈ ಲೇಖನಕ್ಕೆ ಅದೇ ಪ್ರೇರಣೆ.

ಪದವಿಯ ನಿಜವಾದ ವೆಚ್ಚ

ಶುಲ್ಕ, ವಸತಿ, ಊಟ, ಪ್ರಯಾಣ ಸೇರಿ 16 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಕಣ್ಣಿಗೆ ಕಾಣುವ ವೆಚ್ಚ. ಬಿ.ಕಾಂ. ಮುಗಿಸಿದ ಅದೇ ಮಗಳು ಓದದೆ ಕೆಲಸಕ್ಕೆ ಸೇರಿದ್ದರೆ ತಿಂಗಳಿಗೆ 25,000 ರೂಪಾಯಿ ಗಳಿಸುತ್ತಿದ್ದಳೆಂದರೆ, ಎರಡು ವರ್ಷದಲ್ಲಿ ಕೈತಪ್ಪಿದ ಗಳಿಕೆ 6 ಲಕ್ಷ. ಹಾಗಾದರೆ ಬಡ್ಡಿಯನ್ನು ಬಿಟ್ಟೇ ಪದವಿಯ ವೆಚ್ಚ 22 ಲಕ್ಷ.

ಸಾಲದ ಲೆಕ್ಕ

ಶಿಕ್ಷಣ ಸಾಲದ ಮಾದರಿ ಯೋಜನೆಯಂತೆ ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಅನೇಕ ತಂದೆತಾಯಿಗಳು ಈ ಅವಧಿಗೆ ಬಡ್ಡಿಯೂ ಇಲ್ಲವೆಂದು ತಿಳಿದಿರುತ್ತಾರೆ. ಬಡ್ಡಿ ಇದ್ದೇ ಇರುತ್ತದೆ.

ವರ್ಷದ ಆರಂಭದಲ್ಲಿ 8 ಲಕ್ಷದಂತೆ ಎರಡು ಬಾರಿ, ಶೇಕಡಾ 10ರ ಬಡ್ಡಿಗೆ 16 ಲಕ್ಷ ಸಾಲ ಪಡೆದರೆ ಮೊದಲ 8 ಲಕ್ಷಕ್ಕೆ ಮೂರು ವರ್ಷದ ಸರಳ ಬಡ್ಡಿ 2.4 ಲಕ್ಷ, ಎರಡನೆಯ 8 ಲಕ್ಷಕ್ಕೆ ಎರಡು ವರ್ಷದ ಬಡ್ಡಿ 1.6 ಲಕ್ಷ. ಕಂತು ಆರಂಭವಾಗುವ ದಿನ ಸಾಲ 20 ಲಕ್ಷವಾಗಿರುತ್ತದೆ. ಅಲ್ಲಿಂದ ಮುಂದೆ:

ಅ) 7 ವರ್ಷದ ಅವಧಿಗೆ ಮಾಸಿಕ ಕಂತು ಸುಮಾರು 33,200 ರೂಪಾಯಿ, ಒಟ್ಟು ಪಾವತಿ ಸುಮಾರು 27.9 ಲಕ್ಷ.

ಆ) 10 ವರ್ಷದ ಅವಧಿಗೆ ಮಾಸಿಕ ಕಂತು ಸುಮಾರು 26,430 ರೂಪಾಯಿ, ಒಟ್ಟು ಪಾವತಿ ಸುಮಾರು 31.7 ಲಕ್ಷ.

ಇ) ಮೊದಲ ಮೂರು ವರ್ಷ ಬಡ್ಡಿಯನ್ನು ತಿಂಗಳು ತಿಂಗಳು ತಂದೆಯೇ ಕಟ್ಟುತ್ತಾ ಹೋದರೆ ಸಾಲ 16 ಲಕ್ಷದಲ್ಲಿಯೇ ನಿಲ್ಲುತ್ತದೆ. ಆಗ 7 ವರ್ಷದ ಕಂತು ಸುಮಾರು 26,560 ರೂಪಾಯಿ. ಮೊದಲೇ ಕಟ್ಟಿದ 4 ಲಕ್ಷ ಸೇರಿ ಒಟ್ಟು ಪಾವತಿ ಸುಮಾರು 26.3 ಲಕ್ಷ.

'ಅ' ಮತ್ತು 'ಇ'ಗಳನ್ನು ಹೋಲಿಸಿದರೆ ಉಳಿತಾಯ ಒಂದೂವರೆ ಲಕ್ಷಕ್ಕೂ ಹೆಚ್ಚು. ಮೊದಲ ವರ್ಷ ತಿಂಗಳಿಗೆ 6,667, ಮುಂದಿನ ಎರಡು ವರ್ಷ 13,333 ರೂಪಾಯಿ ಹೊಂದಿಸಬಲ್ಲ ಮನೆತನಕ್ಕೆ ಇದೇ ಲೇಸು.

ಗಳಿಕೆಯ ಲೆಕ್ಕ

ಕಾಲೇಜಿನವರು ಹೇಳುವ 'ಸರಾಸರಿ ಸಂಬಳ'ವನ್ನು ಒಡೆದು ನೋಡಬೇಕು. ಹತ್ತು ವಿದ್ಯಾರ್ಥಿಗಳಲ್ಲಿ ಒಂಬತ್ತು ಜನರಿಗೆ 6 ಲಕ್ಷ, ಒಬ್ಬನಿಗೆ 36 ಲಕ್ಷ ಸಿಕ್ಕರೆ ಸರಾಸರಿ 9 ಲಕ್ಷ. ಆದರೆ ಆ 9 ಲಕ್ಷ ಯಾರೊಬ್ಬರಿಗೂ ಸಿಕ್ಕಿಲ್ಲ! ಆದ್ದರಿಂದ ಕೇಳಬೇಕಾದದ್ದು ಮಧ್ಯಾಂಕ, ಅಂದರೆ ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ನಿಲ್ಲುವ ಮೊತ್ತ. ಜೊತೆಗೆ ತರಗತಿಯಲ್ಲಿ ಎಷ್ಟು ಜನರಿದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಅದರಲ್ಲಿ ರಫ್ತು, ಸರಕು ಸಾಗಣೆ, ವಿದೇಶಿ ವಿನಿಮಯ ಕ್ಷೇತ್ರದ ಹುದ್ದೆಗಳೆಷ್ಟು ಎಂಬುದನ್ನೂ ವಿಚಾರಿಸಬೇಕು. ಪದವಿಯ ಹೆಸರಿನಲ್ಲಿ 'ಅಂತರರಾಷ್ಟ್ರೀಯ' ಎಂದಿದ್ದ ಮಾತ್ರಕ್ಕೆ ಉದ್ಯೋಗ ಅಂತರರಾಷ್ಟ್ರೀಯವಾಗುವುದಿಲ್ಲ. ಕೇಂದ್ರ ಸರ್ಕಾರವು 1963ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಭಾರತೀಯ ವಿದೇಶ ವ್ಯಾಪಾರ ಸಂಸ್ಥೆಯು ನೀಡುವ ಪದವಿಯೂ, ನಿನ್ನೆ ಮೊನ್ನೆ ಆರಂಭವಾದ ಕಾಲೇಜಿನ ಪದವಿಯೂ ಹೆಸರಿನಲ್ಲಿ ಒಂದೇ. ಉದ್ಯೋಗದಾತರ ದೃಷ್ಟಿಯಲ್ಲಿ ಒಂದೇ ಅಲ್ಲ.

ಇನ್ನು ಸಿ.ಟಿ.ಸಿ. ಎಂಬುದು ಕೈಗೆ ಬರುವ ಹಣವಲ್ಲ. ಅದರಲ್ಲಿ ಮಾಲೀಕರ ಭವಿಷ್ಯ ನಿಧಿ ವಂತಿಗೆ, ಗ್ರಾಚ್ಯುಟಿ, ವಿಮೆ, ಗುರಿ ಮುಟ್ಟಿದರೆ ಮಾತ್ರ ದೊರೆಯುವ ಬದಲಾಗುವ ವೇತನ ಎಲ್ಲವೂ ಅಡಗಿರುತ್ತವೆ. 9 ಲಕ್ಷದ ಸಿ.ಟಿ.ಸಿ.ಯಲ್ಲಿ ತಿಂಗಳಿಗೆ 75,000 ಬದಲು 62,000 ಕೈಸೇರುತ್ತದೆ ಎಂದುಕೊಳ್ಳೋಣ. ಮಹಾನಗರದ ಬಾಡಿಗೆ, ಊಟ, ಓಡಾಟಕ್ಕೆ 30,000 ಕಳೆದರೆ ಉಳಿಯುವುದು 32,000. ಕಂತು 33,200!

ಪದವಿಯಿಲ್ಲದೆಯೂ ಮೂರು ವರ್ಷದ ಅನುಭವದಿಂದ ಅವಳ ಸಂಬಳ 35,000ಕ್ಕೆ ಏರುತ್ತಿತ್ತೆಂದು ಭಾವಿಸಿದರೆ, ಪದವಿಯಿಂದ ಆದ ಹೆಚ್ಚಳ 27,000 ಮಾತ್ರ. ಸಂಬಳ ಏರದಿದ್ದರೆ ಆ ಹೆಚ್ಚಳವೆಲ್ಲ ಬ್ಯಾಂಕಿಗೇ ಹೋಗುತ್ತದೆ. ಹೋಲಿಸಬೇಕಾದದ್ದು ಪೂರ್ಣ ಸಂಬಳವನ್ನಲ್ಲ, ಈ ಹೆಚ್ಚಳವನ್ನು.

ಸಾಲದ ಮಿತಿ

ಕಂತು ಕೈಗೆ ಬರುವ ಸಂಬಳದ ಮೂರನೆಯ ಒಂದು ಭಾಗವನ್ನು ಮೀರಬಾರದೆಂಬುದು ನಾನು ಪಾಲಿಸುತ್ತಾ ಬಂದಿರುವ ಸೂತ್ರ. 62,000ದ ಮೂರನೆಯ ಒಂದು ಭಾಗ ಸುಮಾರು 20,600. ಶೇಕಡಾ 10ರಲ್ಲಿ, 7 ವರ್ಷಕ್ಕೆ, ಪ್ರತಿ ಲಕ್ಷಕ್ಕೆ ಕಂತು 1,660 ರೂಪಾಯಿ. ಭಾಗಿಸಿದರೆ 12.4 ಲಕ್ಷ. ಇದು ಕಂತು ಆರಂಭವಾಗುವ ದಿನದ ಸಾಲ. ಮೇಲಿನ ಉದಾಹರಣೆಯಲ್ಲಿ 16 ಲಕ್ಷವು 20 ಲಕ್ಷವಾದ ಪ್ರಮಾಣದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಪಡೆಯಬಹುದಾದ ಮೂಲ ಸಾಲ ಸುಮಾರು 10 ಲಕ್ಷ. ಉಳಿದ 6 ಲಕ್ಷ ಮನೆಯ ಉಳಿತಾಯದಿಂದ ಬರಬೇಕು. ಇಲ್ಲವೇ ಕಡಿಮೆ ಶುಲ್ಕದ ಕಾಲೇಜನ್ನು ನೋಡಬೇಕು.

ಹಣ ಎಲ್ಲಿಂದ ತರಬೇಕು

ವ್ಯಾಪಾರದ ಖಾತೆಯಿಂದ ಶುಲ್ಕ ಕಟ್ಟುವುದು ಸುಲಭವಾಗಿ ಕಂಡರೂ ಮೂರು ತೊಡಕುಗಳಿವೆ. ದುಡಿಯುವ ಬಂಡವಾಳ ಕರಗುತ್ತದೆ. ಆ ಮೊತ್ತಕ್ಕೆ ತಗಲುವ ಬಡ್ಡಿಯು ವ್ಯಾಪಾರದ ಉದ್ದೇಶದ್ದಲ್ಲವಾದ್ದರಿಂದ ಆದಾಯ ತೆರಿಗೆಯಲ್ಲಿ ಖರ್ಚಾಗಿ ಒಪ್ಪಿತವಾಗುವುದಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪೆನಿಯಿಂದ ಪ್ರಮುಖ ಷೇರುದಾರರು ಸಾಲವಾಗಿ ಪಡೆದರೆ ಅದು ಲಾಭಾಂಶವೆಂದೇ ಪರಿಗಣಿತವಾಗಿ ತೆರಿಗೆ ಬೀಳುವ ಅಪಾಯವೂ ಇದೆ.

ವ್ಯಕ್ತಿಯ ಹೆಸರಿನಲ್ಲಿ ಬ್ಯಾಂಕಿನಿಂದ ಶಿಕ್ಷಣ ಸಾಲ ಪಡೆದರೆ ಕಟ್ಟಿದ ಬಡ್ಡಿಗೆ, ಮಿತಿಯಿಲ್ಲದೆ, ಎಂಟು ವರ್ಷದವರೆಗೆ ಆದಾಯದಲ್ಲಿ ಕಡಿತ ದೊರೆಯುತ್ತದೆ. 1961ರ ಕಾಯ್ದೆಯ 80ಇ ಕಲಮೆಂದು ನಾವೆಲ್ಲ ಅರಿತ ಸೌಲಭ್ಯ ಇದು. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಅನ್ವಯ; ಅಸಲಿಗೆ ಕಡಿತವಿಲ್ಲ. ಸಾಲ ಯಾರ ಹೆಸರಿನಲ್ಲಿದೆ, ಬಡ್ಡಿಯನ್ನು ಯಾರು ಕಟ್ಟುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಆಯ್ದ ಉನ್ನತ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಧಾರವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಅಂಗಡಿಯ ಕಟ್ಟಡವನ್ನು ಒತ್ತೆಯಿಡುವ ಮೊದಲು ಇದನ್ನು ವಿಚಾರಿಸಿರಿ.

ವಿದೇಶದ ಪದವಿಯಾದರೆ

ಇಲ್ಲಿ ವಿನಿಮಯ ದರದ ಅಪಾಯವೂ ಕೂಡಿಕೊಳ್ಳುತ್ತದೆ. 2007ರ ಕೊನೆಯಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ 2024ರ ಡಿಸೆಂಬರ್‌ನಲ್ಲಿ 85 ದಾಟಿತು. ಎರಡನೆಯ ವರ್ಷದ ಶುಲ್ಕವನ್ನು ಇಂದಿನ ದರದಲ್ಲಿ ಲೆಕ್ಕ ಹಾಕಬಾರದು. ಅಲ್ಲಿಯೇ ಕೆಲಸ ಸಿಕ್ಕರೆ ಡಾಲರ್ ಗಳಿಕೆಯಿಂದ ರೂಪಾಯಿ ಸಾಲ ಹಗುರವಾಗುತ್ತದೆ; ವೀಸಾ ದೊರೆಯದೆ ಹಿಂದಿರುಗಿದರೆ ಡಾಲರ್ ವೆಚ್ಚವನ್ನು ರೂಪಾಯಿ ಸಂಬಳದಿಂದ ತೀರಿಸಬೇಕು. ಎರಡನೆಯ ಸ್ಥಿತಿಯಲ್ಲಿಯೂ ಕಂತು ಕಟ್ಟಲು ಸಾಧ್ಯವೇ ಎಂದು ನೋಡಿದ ಮೇಲೆಯೇ ಮುಂದುವರಿಯಬೇಕು.

ಮನೆಯ ವ್ಯಾಪಾರಕ್ಕೆ ಮರಳುವವರು

ಮಗನೋ ಮಗಳೋ ಓದಿ ಬಂದು ನಮ್ಮ ಮಾಲನ್ನೇ ರಫ್ತು ಮಾಡಬೇಕೆಂಬುದು ಉದ್ದೇಶವಾದರೆ ಸಂಬಳದ ಲೆಕ್ಕವೇ ಅನ್ವಯಿಸದು; ಕಂತು ವ್ಯಾಪಾರದ ಲಾಭದಿಂದಲೇ ಹೋಗಬೇಕು. ರಫ್ತು ಆರಂಭಿಸಲು ಪದವಿ ಕಡ್ಡಾಯವಲ್ಲ. ಆಮದು-ರಫ್ತು ಸಂಕೇತ ಸಂಖ್ಯೆಯ ಅರ್ಜಿ ಶುಲ್ಕ ಕೇವಲ 500 ರೂಪಾಯಿ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರವು ರಫ್ತು ತರಬೇತಿ ನೀಡುತ್ತದೆ. ಮಂಗಳೂರು ಬಂದರಿನ ಕಸ್ಟಮ್ಸ್ ಬ್ರೋಕರ್ ಒಬ್ಬರ ಕಛೇರಿಯಲ್ಲಿ ಒಂದು ವರ್ಷ ಕುಳಿತರೆ ಶಿಪ್ಪಿಂಗ್ ಬಿಲ್, ಲೆಟರ್ ಆಫ್ ಕ್ರೆಡಿಟ್‌ಗಳ ಒಳಹೊರಗು ಕೈವಶವಾಗುತ್ತದೆ. ಅನಂತರವೂ ಪದವಿ ಬೇಕೆನಿಸಿದರೆ ಆಗ ಸೇರಬಹುದು. ಏನು ಕಲಿಯಬೇಕೆಂಬುದು ಅಷ್ಟರಲ್ಲಿ ತಿಳಿದಿರುತ್ತದೆ.

ಮಕ್ಕಳ ಆಸೆಗೆ ಅಡ್ಡ ಬರುವುದು ಈ ಲೇಖನದ ಉದ್ದೇಶವಲ್ಲ. ಪ್ರವೇಶದ ಹಣ ಕಟ್ಟುವ ಮುನ್ನ ಒಂದು ಸಂಜೆ ಮಗಳನ್ನೇ ಎದುರಿಗೆ ಕೂಡಿಸಿಕೊಂಡು, ಒಂದು ಹಾಳೆಯಲ್ಲಿ ವೆಚ್ಚ, ಸಾಲ, ಕಂತು, ಕೈಗೆ ಬರುವ ಸಂಬಳ ಈ ನಾಲ್ಕನ್ನೂ ಅವಳ ಕೈಯಿಂದಲೇ ಬರೆಯಿಸಿರಿ. ಮುಂದೆ ಆ ಕಂತನ್ನು ಕಟ್ಟಬೇಕಾದವಳು ಅವಳು. ಲೆಕ್ಕ ಅವಳಿಗೆ ಮೊದಲು ತಿಳಿಯಲಿ.