ಗೋಬರ್ ಗ್ಯಾಸಿಗೆ ಸಾಲ: ಬ್ಯಾಂಕಿಗೆ ಹೋಗುವ ಮುನ್ನ ಸಗಣಿ ತೂಗಿ

ಕೆಚ್ಚಲು ಬಾವು, ಬೆದೆಗೆ ಬಾರದ ಹಸು, ಕರುವಿನ ಭೇದಿ. ಕೊಟ್ಟಿಗೆಗೆ ಹೋದಾಗ ತಾಯಂದಿರು ನಮ್ಮನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಇವೇ. ಈಚೆಗೆ ಇನ್ನೊಂದು ಸೇರಿಕೊಂಡಿದೆ: "ಡಾಕ್ಟ್ರೇ, ಗೋಬರ್ ಗ್ಯಾಸ್ ಮಾಡಿಸ್ಬೇಕು ಅಂತಿದೀನಿ, ಸಾಲ ಸಿಗುತ್ತಾ?" ಸಿಗುತ್ತದೆ. ಆದರೆ ಬ್ಯಾಂಕಿನವರು ಹಸು ನೋಡಿ ಸಾಲ ಕೊಡುವುದಿಲ್ಲ, ಲೆಕ್ಕ ನೋಡಿ ಕೊಡುತ್ತಾರೆ. ಆ ಲೆಕ್ಕ ಹಾಕುವ ಬಗೆಯನ್ನು ಈ ಸಲ ನೋಡೋಣ.

ನಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಹಳೆಯ ಪಾಠವಿದೆ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಅಸ್ತ್ರ ತಂಡದವರು ಇಡೀ ಊರಿಗೆ ಸೇರಿದ ಗೋಬರ್ ಗ್ಯಾಸ್ ಘಟಕ ಕಟ್ಟಿಸಿದ್ದರು. ಮೊದಲ ಯೋಚನೆ ಎಲ್ಲ ಮನೆಗೂ ಅಡುಗೆ ಅನಿಲ ಕೊಡುವುದು. ಊರಿನ ದನಗಳ ಸಗಣಿಯಿಂದ ಬಂದ ಅನಿಲ ಅಷ್ಟಕ್ಕೆ ಸಾಲಲಿಲ್ಲ. ಘಟಕ ಗಟ್ಟಿಯಾಗಿಯೇ ಇತ್ತು, ಕಡಿಮೆಬಿದ್ದದ್ದು ಸಗಣಿ. ಆಮೇಲೆ ಊರವರ ಜೊತೆ ಕೂತು ಮಾತಾಡಿದಾಗ ಅವರಿಗೆ ತುರ್ತಾಗಿ ಬೇಕಿದ್ದದ್ದು ಕುಡಿಯುವ ನೀರು ಎಂದು ತಿಳಿಯಿತು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನೂ ಮನೆಗಳಿಗೆ ವಿದ್ಯುತ್ ದೀಪವನ್ನೂ ಕೊಟ್ಟರು. ಸಗಣಿ ಹೊತ್ತು ತಂದವರಿಗೆ, ಅವರಲ್ಲಿ ಹೆಂಗಸರೇ ಹೆಚ್ಚು, ಚಿಕ್ಕದೊಂದು ಕೂಲಿ ಸಿಗುತ್ತಿತ್ತು. ಅನಿಲ ತೆಗೆದ ಬಗ್ಗಡವೂ ಅವರವರ ಪಾಲಿಗೆ ವಾಪಸ್ಸು ಹೋಗುತ್ತಿತ್ತು.

ಹಾಗಾಗಿ ಮೊದಲು ತೂಕ. ಮನೆಗೆ ಸಾಕಾಗುವ 2 ಘನ ಮೀಟರ್ ಘಟಕಕ್ಕೆ ದಿನಕ್ಕೆ ಸುಮಾರು 50 ಕೆಜಿ ಹಸಿ ಸಗಣಿ, ಅಷ್ಟೇ ನೀರು ಬೇಕು. ಕಟ್ಟಿಹಾಕಿ ಸಾಕುವ ಮಿಶ್ರತಳಿ ಹಸು ದಿನಕ್ಕೆ 15 ಕೆಜಿಯಷ್ಟು ಹಾಕೀತು, ನಾಟಿ ಹಸು 8ರಿಂದ 10. ಮೇಯಲು ಬಿಟ್ಟರೆ ಅದರಲ್ಲಿ ಅರ್ಧ ಬಯಲಿಗೇ ಹೋಗುತ್ತದೆ. ಬಾಯಿಲೆಕ್ಕ ಬೇಡ. ಒಂದು ಬಕೆಟ್ಟಿಗೆ ಎಷ್ಟು ಕೆಜಿ ಹಿಡಿಯುತ್ತದೆಂದು ಒಮ್ಮೆ ತೂಗಿ, ಹದಿನೈದು ದಿನ ಬೆಳಿಗ್ಗೆ ಸಂಜೆ ಎಷ್ಟು ಬಕೆಟ್ ಆಯಿತೆಂದು ಬರೆದಿಡಿ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ಎರಡು ಹಸುವಿನವರಿಗೆ 30 ಕೆಜಿ ಬಂದರೆ 1 ಘನ ಮೀಟರ್ ಘಟಕವೇ ಸರಿ. ಸಾಲ ಸಿಗುತ್ತದೆಂದು ದೊಡ್ಡದು ಕಟ್ಟಿಸಿದರೆ ಒಲೆ ಅರ್ಧ ಉರಿಯುತ್ತದೆ, ಕಂತು ಮಾತ್ರ ಪೂರ್ತಿ ಕಟ್ಟಬೇಕು. ಒಂದು ಹಸು ಮಾರಬೇಕಾಗಿ ಬಂದರೂ ಘಟಕದ ಹೊಟ್ಟೆ ತುಂಬುತ್ತದೆಯೇ ಎಂಬುದನ್ನೂ ಈಗಲೇ ಯೋಚಿಸಿ.

ಎರಡನೆಯದು ಉಳಿತಾಯದ ಲೆಕ್ಕ. ಇಲ್ಲಿ ನಮ್ಮ ತೆಂಗಿನ ಸೀಮೆಯ ವಿಷಯವೇ ಬೇರೆ. 2 ಘನ ಮೀಟರ್ ಅನಿಲ ಮುಕ್ಕಾಲು ಕೆಜಿಗೂ ಮೇಲ್ಪಟ್ಟು ಸಿಲಿಂಡರ್ ಗ್ಯಾಸಿಗೆ ಸಮ. ತಿಂಗಳಿಗೆ ಒಂದು ಸಿಲಿಂಡರ್ ಧಾರಾಳವಾಗಿ ಉಳಿಯುತ್ತದೆ ಎಂದು ಘಟಕ ಮಾರುವವರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಷ್ಟು ಮನೆಯಲ್ಲಿ ತಿಂಗಳಿಗೊಂದು ಸಿಲಿಂಡರ್ ಕೊಳ್ಳುತ್ತಾರೆ? ಮಟ್ಟೆ, ಸಿಪ್ಪೆ, ಕರಟ ತೋಟದಲ್ಲೇ ಬಿದ್ದಿರುವಾಗ ನೀರೊಲೆಯೂ ಅಡುಗೆ ಒಲೆಯೂ ಅದರಲ್ಲೇ ಉರಿಯುತ್ತವೆ. ಮೂರು ತಿಂಗಳಿಗೊಂದು ಸಿಲಿಂಡರ್ ಕೊಳ್ಳುವವರಿಗೆ ಕೈಗೆ ಉಳಿಯುವ ದುಡ್ಡು ಅಷ್ಟರದ್ದೇ. ಹೊಗೆ ತಪ್ಪಿ ಕಣ್ಣು, ಎದೆ ಹಗುರಾಗುವುದು ದೊಡ್ಡ ಲಾಭವೇ, ಆದರೆ ಆ ಲಾಭದಿಂದ ಬ್ಯಾಂಕಿನ ಕಂತು ಕಟ್ಟಲಾಗದು. ಬದಲಿಗೆ ಒಲೆಗೆ ಹೋಗುತ್ತಿದ್ದ ಕರಟ, ಸಿಪ್ಪೆಯನ್ನು ಮಾರಿದರೆ ಎಷ್ಟು ಬರುತ್ತದೆಂದು ಕೊಳ್ಳುವವರನ್ನು ಕೇಳಿ ಬರೆದುಕೊಳ್ಳಿ. ಸಿಪ್ಪೆಯನ್ನು ಪಾತಿಗೆ ಮುಚ್ಚಿಗೆಯಾಗಿ ಹಾಕಿದರೆ ಬೇಸಿಗೆಯಲ್ಲಿ ತೇವ ನಿಲ್ಲುತ್ತದೆ, ಅದೂ ಲೆಕ್ಕಕ್ಕೆ ಬರುವಂಥದ್ದೇ.

ಬಗ್ಗಡದ ವಿಷಯದಲ್ಲೂ ನಮ್ಮನ್ನು ನಾವೇ ಏಮಾರಿಸಿಕೊಳ್ಳಬಾರದು. ಸಗಣಿ ಮೊದಲೂ ತಿಪ್ಪೆ ಸೇರಿ ತೋಟಕ್ಕೇ ಹೋಗುತ್ತಿತ್ತು. ಬಗ್ಗಡದ ಪೂರ್ತಿ ಬೆಲೆಯನ್ನು ಹೊಸ ಆದಾಯವೆಂದು ಬರೆದರೆ ಚುರುಕಾದ ಮ್ಯಾನೇಜರ್ ಅಲ್ಲೇ ಹಿಡಿಯುತ್ತಾರೆ. ಬಿಸಿಲು ಮಳೆಗೆ ಬಿದ್ದ ತಿಪ್ಪೆಯಲ್ಲಿ ಸಾರಜನಕ ಆವಿಯಾಗಿ, ಕೊಚ್ಚಿ ಹೋಗಿ ನಷ್ಟವಾಗುತ್ತದೆ. ಬಗ್ಗಡವನ್ನು ನೆರಳಲ್ಲಿಟ್ಟು ಬೇಗ ಮಣ್ಣಿಗೆ ಸೇರಿಸಿದರೆ ಆ ನಷ್ಟ ಕಡಿಮೆ. ಆ ವ್ಯತ್ಯಾಸವಷ್ಟೇ ನಿಮ್ಮ ಲಾಭ. ಫಲಕ್ಕೆ ಬಂದ ತೆಂಗಿನ ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರದ ಜೊತೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಬೇಕೆಂಬುದು ಶಿಫಾರಸು. ಬಗ್ಗಡ ಬಂತೆಂದು ಪೊಟ್ಯಾಷ್ ನಿಲ್ಲಿಸಿದರೆ ಕಾಯಿ ಸೊರಗುತ್ತದೆ. ಯೂರಿಯಾ ಎಷ್ಟು ಕಡಿಮೆ ಮಾಡಬಹುದೆಂದು ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಚೀಟಿ ತೋರಿಸಿ ಕೇಳಿ.

ಇನ್ನು ಕಾಗದ ಪತ್ರ. ಹೆಚ್ಚಿನ ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಪಹಣಿ ಮಾವನ ಹೆಸರಲ್ಲೋ ಯಜಮಾನರ ಹೆಸರಲ್ಲೋ ಇರುತ್ತದೆ, ಅದು ಒಂದು ದಿನದಲ್ಲಿ ಬದಲಾಗುವುದಲ್ಲ. ಆದರೆ ಹಾಲಿನ ಲೆಕ್ಕ ನಿಮ್ಮ ಹೆಸರಲ್ಲಿರಬಹುದಲ್ಲ? ಹಸು ಕಟ್ಟುವವರು, ಕರೆಯುವವರು, ಡೇರಿಗೆ ಹಾಕುವವರು ನೀವು, ಸದಸ್ಯತ್ವ ಮಾತ್ರ ಬೇರೆಯವರದ್ದು ಎಂದಾದರೆ ಬ್ಯಾಂಕಿನ ಕಣ್ಣಿಗೆ ನಿಮಗೆ ಆದಾಯವೇ ಇಲ್ಲ. ಸಂಘದಲ್ಲಿ ನಿಮ್ಮ ಹೆಸರಲ್ಲೇ ಸದಸ್ಯತ್ವ ಪಡೆಯಿರಿ. ಬಟವಾಡೆಯೂ ಸರ್ಕಾರದ ಪ್ರೋತ್ಸಾಹಧನವೂ ನಿಮ್ಮದೇ ಖಾತೆಗೆ ಬರಲಿ. ಒಂದು ವರ್ಷದ ಹಾಲಿನ ಲೆಕ್ಕವನ್ನು ಕಾರ್ಯದರ್ಶಿಯವರಿಂದ ಸಹಿ ಮಾಡಿಸಿಕೊಂಡರೆ ಅದು ಪಹಣಿಗೆ ಕಡಿಮೆಯಿಲ್ಲದ ಸಾಕ್ಷಿ. ಕಂತನ್ನು ಬಟವಾಡೆಯಲ್ಲೇ ಹಿಡಿದು ಬ್ಯಾಂಕಿಗೆ ಕಟ್ಟಲು ಸಂಘ ಒಪ್ಪಿದರೆ ಸಾಲದ ಮಾತು ಇನ್ನೂ ಸಲೀಸು.

ಯಾವ ಸಾಲ? ಹೈನುಗಾರರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಇದೆ. 2 ಲಕ್ಷದವರೆಗೆ, ವಾಯಿದೆಗೆ ಸರಿಯಾಗಿ ಕಟ್ಟಿದರೆ ಬಡ್ಡಿ ಶೇ 4. ಆದರೆ ಅದು ಹಿಂಡಿ, ಮೇವು, ಔಷಧಿಯ ದಿನದ ಖರ್ಚಿಗೆ. ಆ ದುಡ್ಡನ್ನು ಗುಂಡಿ ತೋಡಿಸಲು ಹಾಕಿದರೆ ಬೇಸಿಗೆಯಲ್ಲಿ ಹಿಂಡಿಗೆ ಕೈಸಾಲವೇ ಗತಿ. ಘಟಕಕ್ಕೆ ಮೂರು ನಾಲ್ಕು ವರ್ಷದ ಅವಧಿ ಸಾಲವನ್ನೇ ಕೇಳಿ. 30,000 ರೂಪಾಯಿಯನ್ನು ಶೇ 10ರ ಬಡ್ಡಿಗೆ ಮೂರು ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 970 ರೂಪಾಯಿ. ಮೇಲೆ ಬರೆದುಕೊಂಡ ಉಳಿತಾಯವನ್ನು ಇದರ ಪಕ್ಕ ಇಟ್ಟು ನೋಡಿ. ಕಂತು ಜಾಸ್ತಿ ಬಂದರೆ ಈ ವರ್ಷ ಬಿಡಿ, ನನ್ನ ಸಲಹೆ ಅದೇ. ಗೋಬರ್ ಗ್ಯಾಸಿಗೆ ಸರ್ಕಾರದ ಸಹಾಯಧನವೂ ಉಂಟು, ಆದರೆ ಅದು ಘಟಕ ಮುಗಿದು ಪರಿಶೀಲನೆಯಾದ ಮೇಲೆ ಬರುವಂಥದ್ದು. ಮಂಜೂರಾತಿ ಕೈಗೆ ಸಿಗುವ ಮೊದಲು ಅದನ್ನು ನಂಬಿ ಗಾರೆಯವರಿಗೆ ಮಾತು ಕೊಡಬೇಡಿ.

ಸ್ವಸಹಾಯ ಗುಂಪಿನಲ್ಲಿರುವವರಿಗೆ ದಾರಿ ಇನ್ನೂ ಅಗಲ. 10 ಲಕ್ಷದವರೆಗೆ ಗುಂಪಿನ ಸಾಲಕ್ಕೆ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಗುಂಪು ಕೂಡಿ ಏನು ಮಾಡಬಹುದೆಂಬುದಕ್ಕೆ ಗುಜರಾತಿನ ಆಣಂದ್ ಜಿಲ್ಲೆಯ ಮುಜ್‌ಕುವಾ ಊರು ನೋಡಬೇಕು. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಅಲ್ಲಿನ ಹೆಣ್ಣುಮಕ್ಕಳು ಹಿತ್ತಿಲಲ್ಲಿ ಘಟಕ ಹಾಕಿಸಿಕೊಂಡು, ತೋಟಕ್ಕೆ ಹಾಕಿ ಮಿಕ್ಕ ಬಗ್ಗಡವನ್ನು ತಮ್ಮದೇ ಗೊಬ್ಬರದ ಸಹಕಾರ ಸಂಘಕ್ಕೆ ಮಾರುತ್ತಾರೆ, ನಾವು ಡೇರಿಗೆ ಹಾಲು ಹಾಕಿದ ಹಾಗೆ. ನಮ್ಮ ರಾಜ್ಯದ ಬಾಗೇಪಲ್ಲಿಯಲ್ಲಿ ಕೂಲಿ ಸಂಘದ 5,500 ಮನೆಗಳಿಗೆ 2 ಘನ ಮೀಟರ್ ಘಟಕ ಕಟ್ಟುವ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಪಟ್ಟಿಗೆ ಸೇರಿತು. ಸೌದೆ, ಸೀಮೆಎಣ್ಣೆ ಸುಡುವುದು ತಪ್ಪಿದ್ದಕ್ಕೆ ಹೊರದೇಶದವರು ದುಡ್ಡು ಕೊಡುವ ಕಾರ್ಬನ್ ವ್ಯವಹಾರ ಅದು. ಯಾವ ಮನೆಯ ಒಲೆ ಉರಿಯುತ್ತಿದೆ, ಯಾವುದು ಕೆಟ್ಟಿದೆ ಎಂಬ ದಾಖಲೆ ಇಲ್ಲದಿದ್ದರೆ ಅಂಥ ಹಣ ಒಂದು ಪೈಸೆಯೂ ಬರುವುದಿಲ್ಲ. ಒಬ್ಬರ ಮನೆಯ ಬಕೆಟ್ ಲೆಕ್ಕದ ಪುಸ್ತಕವೇ ಅಲ್ಲಿ ಸಾವಿರಾರು ಮನೆಗೆ ದೊಡ್ಡದಾದದ್ದು. ನಿಮ್ಮ ಗುಂಪು ಬಗ್ಗಡ ಗೊಬ್ಬರವನ್ನು ಚೀಲಕ್ಕೆ ತುಂಬಿ ಹೆಸರು ಅಚ್ಚು ಹಾಕಿ ಮಾರುವುದಾದರೆ ಮೊದಲು ಕೃಷಿ ಇಲಾಖೆಯನ್ನು ಕೇಳಿ, ಅದಕ್ಕೆ ಗುಣಮಟ್ಟದ ನಿಯಮಗಳಿವೆ.

ಘಟಕ ಕಟ್ಟಿಸಿದ ಮೇಲೆ ಪಶುವೈದ್ಯರಾಗಿ ನಮ್ಮದೊಂದು ಮಾತು. ಒಳಗೆ ಅನಿಲ ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು. ಫಿನಾಯಿಲ್ ಹಾಕಿ ಕೊಟ್ಟಿಗೆ ತೊಳೆದ ನೀರನ್ನು ಅದಕ್ಕೆ ಬಿಡಬೇಡಿ. ಕೆಚ್ಚಲು ಬಾವಿಗೋ ಜ್ವರಕ್ಕೋ ಆಂಟಿಬಯೋಟಿಕ್ ಚುಚ್ಚಿಸಿದ ಹಸುವಿನ ಸಗಣಿಯನ್ನು ಚಿಕಿತ್ಸೆ ಮುಗಿದು ಒಂದು ವಾರದವರೆಗೆ ತಿಪ್ಪೆಗೆ ಹಾಕಿ. ಹಾಗಾಗಿ ಇಂಜೆಕ್ಷನ್ ಕೊಡಿಸುವಾಗ ಮನೆಯಲ್ಲಿ ಗೋಬರ್ ಗ್ಯಾಸ್ ಇದೆಯೆಂದು ನಮಗೊಂದು ಮಾತು ಹೇಳಿ. ಸಗಣಿ ತೂಗಿದ ಪುಸ್ತಕ, ವರ್ಷದ ಹಾಲಿನ ಲೆಕ್ಕ, ಪಾಸ್‌ಬುಕ್ ಈ ಮೂರನ್ನೂ ತಂದರೆ ಒಕ್ಕೂಟದ ವಿಸ್ತರಣಾಧಿಕಾರಿಗಳು ನಿಮ್ಮ ಜೊತೆ ಕೂತು ಅರ್ಜಿ ತುಂಬಿಸುತ್ತಾರೆ.