ಕರಣೆ ಯಾರ ಕೈಗೆ?

ಮೇಡಂ, ನನಗೆ 43 ವರ್ಷ. ಊರು ಹೊಳೆನರಸೀಪುರ, ಕೆಲಸ ಹಾಸನದಲ್ಲಿ, ಸಿವಿಲ್ ಎಂಜಿನಿಯರ್. ಪಿಯುಸಿ ಒಟ್ಟಿಗೆ ಓದಿದ ನಾವು ನಾಲ್ಕು ಜನ ಕಳೆದ ಜೂನ್‌ನಿಂದ ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ತಿಂಗಳಿಗೆರಡು ಶನಿವಾರ ಹೋಗುತ್ತಿದ್ದೇವೆ. ಆರರಿಂದ ಎಂಟನೇ ತರಗತಿಯ ಮಕ್ಕಳು. ಅರಕಲಗೂಡಿನಲ್ಲಿ ಸ್ಟಾಫ್ ನರ್ಸ್ ಆಗಿರುವ ಗೆಳತಿ ಬಿ.ಪಿ. ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಹೇಳಿಕೊಡುತ್ತಾಳೆ. ಚನ್ನರಾಯಪಟ್ಟಣದಲ್ಲಿ ಬ್ಯಾಂಕಿನಲ್ಲಿರುವ ಗೆಳೆಯ ಜಮಾ-ಖರ್ಚು ಬರೆಸುತ್ತಾನೆ. ಇನ್ನೊಬ್ಬ ವೈರಿಂಗ್ ಕಂಟ್ರ್ಯಾಕ್ಟರ್. ನನ್ನದು ಕಟ್ಟಡದ ಕೆಲಸ. ಕಲಿತದ್ದು ಊರಿಗೂ ಆಗಿಬರಲಿ ಎಂದು ಈ ಸಲ ಶಾಲೆಯಂಗಳದಲ್ಲಿ ಕೈ ತೊಳೆಯುವ ಕಟ್ಟೆ, ಅದರ ನೀರಿಗೊಂದು ಇಂಗುಗುಂಡಿ ಹಿಡಿದುಕೊಂಡೆವು. ಗುಂಡಿಯನ್ನು ನಾವು ದೊಡ್ಡವರೇ ತೋಡಿದೆವು. ಏಳನೇ ತರಗತಿಯ ಒಬ್ಬ ಹುಡುಗ ಬಹಳ ಚುರುಕು. ತಂದೆ ಗಾರೆ ಕೆಲಸದವರು. ಗೊತ್ತಿರುವ ಕೆಲಸ ಅಂತ ಅವನಿಗೇ ಕರಣೆ ಕೊಟ್ಟೆವು. ಅಂಗಡಿಯವರ ಮಗ ಇಟ್ಟಿಗೆ, ಸಿಮೆಂಟಿನ ಲೆಕ್ಕ ಬರೆದುಕೊಂಡ. ಮುಂದಿನ ಸಲ ಹೋದಾಗ ಆ ತಂದೆಯೇ ಬಂದು ಎಲ್ಲರೆದುರು ಕೇಳಿದರು: ‘ನಮ್ ಹೈದನ ಕೈಗೆ ಕರಣೆ ಕೊಡಕ್ಕೆ ಇಸ್ಕೂಲ್ ಯಾಕ್ ಬೇಕು ಸಾ? ಅದನ್ನ ನಾನೇ ಕಲಿಸ್ತಿರ್ಲಿಲ್ವಾ? ನಿಮ್ ಮಗಳು ಯಾವ್ ಇಸ್ಕೂಲಲ್ಲವ್ಳೆ?’ ನನ್ನ ಮಗಳು ಹಾಸನದಲ್ಲಿ ಇಂಗ್ಲಿಷ್ ಮೀಡಿಯಂ. ಬಾಯಿ ಬರಲಿಲ್ಲ. ಹುಡುಗ ಈಗ ಶನಿವಾರ ಗಂಟೆ ಹೊಡೆದ ಕೂಡಲೇ ಮನೆಗೆ ಹೊರಟುಬಿಡುತ್ತಾನೆ. ಕಟ್ಟೆ ಎರಡು ಸಾಲು ಬಾಕಿ ಇದೆ. ರಜಾದಿನ ಬಿಟ್ಟು, ಕೈಯಿಂದ ಪೆಟ್ರೋಲ್ ಹಾಕಿಕೊಂಡು ಹೋಗಿ ಈ ಮಾತು ಕೇಳಬೇಕಾ? ಬಿಟ್ಟುಬಿಡಲಾ?

— ಹೆಸರು ಬೇಡ, ಹೊಳೆನರಸೀಪುರ

ಬಿಡಬೇಡಿ. ಆದರೆ ಈಗ ನಡೆಸುತ್ತಿರುವ ಹಾಗೆಯೇ ನಡೆಸಲೂ ಬೇಡಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮಗೆ ಚುಚ್ಚಿರುವುದು ಆ ತಂದೆಯ ಮಾತು. ನನಗೆ ಚುಚ್ಚಿದ್ದು ಅದಕ್ಕಿಂತ ಮೇಲಿನ ಸಾಲು, ನೀವು ಬರೆದು ಹಾಗೇ ಮುಂದೆ ಹೋದದ್ದು. ಗಾರೆಯವರ ಮಗನಿಗೆ ಕರಣೆ, ಅಂಗಡಿಯವರ ಮಗನಿಗೆ ಲೆಕ್ಕದ ಪುಸ್ತಕ. ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಬಲ್ಲೆ. ಕೆಲಸ ಬೇಗ ಸಾಗಲಿ ಎಂದು ಮಾಡಿದಿರಿ. ಆದರೆ ಊರು ನೂರಾರು ವರ್ಷದಿಂದ ಮಾಡಿಕೊಂಡು ಬಂದ ಹಂಚಿಕೆಯನ್ನೇ ಶಾಲೆಯಂಗಳದಲ್ಲಿ ಇನ್ನೊಮ್ಮೆ ಹಂಚಿದಿರಿ. ತಂದೆಗೆ ಅದು ಒಂದೇ ನೋಟಕ್ಕೆ ಕಂಡಿತು.

ನಾನು ಓದಿದ ಹಳ್ಳಿ ಶಾಲೆಯಲ್ಲಿ ಕುಡಿಯುವ ನೀರಿನ ಬಿಂದಿಗೆ ತುಂಬಿಸಿ ತರುವುದಕ್ಕೆ ಕೆಲವರು, ಅಂಗಳ ಗುಡಿಸುವುದಕ್ಕೆ ಬೇರೆ ಕೆಲವರು. ಯಾರೂ ಪಟ್ಟಿ ಬರೆದು ಹಾಕಿರಲಿಲ್ಲ. ಮೇಷ್ಟ್ರು ಹೆಸರು ಕೂಗುವ ಮೊದಲೇ ಯಾರು ಪೊರಕೆ ಹಿಡಿಯಬೇಕು, ಯಾರು ಬಿಂದಿಗೆ ಮುಟ್ಟಬಾರದು ಎಂಬುದು ಎಂಟು ವರ್ಷದ ನಮಗೆಲ್ಲ ಗೊತ್ತಿತ್ತು. ಪೊರಕೆ ಹಿಡಿದ ಗೆಳತಿಯ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಶ್ರಮದಾನ, ಸೇವೆ ಎಂಬ ಮಾತು ಶಾಲೆಯಲ್ಲಿ ಕೇಳಿದಾಗಲೆಲ್ಲ ನಾನು ಮೊದಲು ನೋಡುವುದು ಒಂದೇ: ಪೊರಕೆ ಯಾರ ಕೈಯಲ್ಲಿದೆ?

ಆ ತಂದೆಯ ಭಯಕ್ಕೆ ಚರಿತ್ರೆಯೂ ಇದೆ. 1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂದರು. ಆಗ ನಮ್ಮ ಮಂಗಳೂರು ಸೀಮೆಯೂ ಮದ್ರಾಸ್ ರಾಜ್ಯದಲ್ಲೇ ಇತ್ತು. ಕುಂಬಾರನ ಮಗ ಕುಂಬಾರನಾಗಿಯೇ ಉಳಿಯಲಿ ಎಂಬ ‘ಕುಲಕಲ್ವಿ’ ಇದು ಎಂದು ಜನ ಎದ್ದುನಿಂತರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಆ ಯೋಜನೆಯನ್ನು ಕೈಬಿಟ್ಟರು. ನಿಮ್ಮೆದುರು ನಿಂತ ಗಾರೆಯವರು ಈ ಕತೆ ಕೇಳಿರಲಿಕ್ಕಿಲ್ಲ. ಆದರೆ ಅವರು ಕೇಳಿದ್ದು ಅದೇ ಪ್ರಶ್ನೆ.

ಹಾಗೆಂದು ಕೈಕೆಲಸವನ್ನೇ ಶಾಲೆಯಿಂದ ಹೊರಗಿಡಬೇಕೆ? ನಾನು ಒಪ್ಪುವುದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಶಿಕ್ಷಣ ಕ್ರಮದಲ್ಲಿ ಕಸುಬು ಎಲ್ಲ ಮಕ್ಕಳಿಗೂ ಇತ್ತು, ಯಾರ ಮಗನಾದರೂ ಸರಿ ಕೈಕೆಲಸ ಮಾಡಬೇಕಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ, ನಮ್ಮ ರಾಜ್ಯ ಅದನ್ನು ಒಪ್ಪಲಿ ಬಿಡಲಿ, ಆರರಿಂದ ಎಂಟನೇ ತರಗತಿಯೊಳಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಮಕ್ಕಳು ಕಲಿಯಲಿ ಎನ್ನುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ 1995ರಲ್ಲಿ ಶುರುವಾದ ‘ಸಿಟಿಜನ್ ಸ್ಕೂಲ್ಸ್’ ನಿಮ್ಮ ಹಾಗೆಯೇ ನೌಕರಿಯಲ್ಲಿರುವವರನ್ನು ಈ ವಯಸ್ಸಿನ ಮಕ್ಕಳ ಬಳಿ ಕಳಿಸಿತು. ಅಲ್ಲಿ ಮಕ್ಕಳು ಕೆಲವು ವಾರ ಒಂದು ವಿದ್ಯೆ ಕಲಿತು, ಕೊನೆಗೆ ತಾಯಿ-ತಂದೆಯರೆದುರು ತಾವೇ ಅದನ್ನು ವಿವರಿಸುತ್ತಿದ್ದರು. ವಕೀಲರು ಹೇಳಿಕೊಡುವಾಗ ವಕೀಲರ ಮಕ್ಕಳನ್ನು ಆರಿಸುತ್ತಿರಲಿಲ್ಲ. ಮನೆಯಲ್ಲಿ ಸಿಗದ ಲೋಕವನ್ನು ತೋರಿಸುವುದೇ ಅಲ್ಲಿ ಮುಖ್ಯವಾಗಿತ್ತು.

ಆದ್ದರಿಂದ ಅದಲು ಬದಲು ಮಾಡಿ. ಅಂಗಡಿಯವರ ಮಗ ಕರಣೆ ಹಿಡಿಯಲಿ. ಹುಡುಗಿಯರಿಗೆ ಗಿಡಕ್ಕೆ ನೀರು ಹಾಕುವ ಕೆಲಸ ಮಾತ್ರ ಕೊಟ್ಟಿದ್ದರೆ ಅವರೂ ಇಟ್ಟಿಗೆಗೆ ಬರಲಿ. ಗಾರೆಯವರ ಮಗ ಲೆಕ್ಕದ ಪುಸ್ತಕ ಹಿಡಿಯಲಿ, ನಿಮ್ಮ ಬ್ಯಾಂಕಿನ ಗೆಳೆಯರ ಪಕ್ಕ ಕೂತು ಜಮಾ-ಖರ್ಚು ಬರೆಯಲಿ, ನರ್ಸಮ್ಮನ ಸ್ಟೆತಸ್ಕೋಪ್ ಕಿವಿಗಿಟ್ಟು ಎದೆಬಡಿತ ಕೇಳಲಿ. ಹಾಸನದಲ್ಲೇ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಅಲ್ಲಿ ದುಡಿಯುವ ಒಬ್ಬರನ್ನು ಒಂದು ಶನಿವಾರ ಕರೆತಂದು ಆ ಹುಡುಗನ ಮುಂದೆ ಕೂರಿಸಿ.

ಇನ್ನು ಕಟ್ಟೆಯ ಕೆಲಸ. ಎಂಜಿನಿಯರ್ ನೀವು, ನಿಮಗೆ ನಾನು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆ ಕಟ್ಟುವಾಗ ಮೂಲೆ ನೇರ ಮಾಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೆ. ಮೇಸ್ತ್ರಿ ಒಂದು ದಾರಕ್ಕೆ ಮೂರು ಅಡಿಗೆ ಗುರುತು ಮಾಡಿದರು, ಅಡ್ಡ ದಾರಕ್ಕೆ ನಾಲ್ಕು ಅಡಿಗೆ. ಎರಡು ಗುರುತಿನ ನಡುವೆ ಟೇಪು ಹಿಡಿದರೆ ಸರಿಯಾಗಿ ಐದಡಿ ಬರಬೇಕು. ಅರ್ಧ ಇಂಚು ಹೆಚ್ಚು ಬಂತು. ದಾರವನ್ನು ತುಸು ಸರಿಸಿ ಮತ್ತೆ ಅಳೆದರು. ಪೈಥಾಗೊರಸ್ ಪ್ರಮೇಯವನ್ನು ನಾನು ಬಾಯಿಪಾಠ ಮಾಡಿ ಪಾಸಾದವಳು. ಅದು ಅರ್ಥವಾದದ್ದು ಅಂದು. ಆಮೇಲೆ ಟ್ಯೂಬ್ ಲೆವೆಲ್. ನೀರು ತುಂಬಿದ ಪಾರದರ್ಶಕ ಪೈಪಿನ ಒಂದು ತುದಿ ಈ ಗೋಡೆಗೆ, ಇನ್ನೊಂದು ಆ ಗೋಡೆಗೆ. ಒಳಗೊಂದು ಗಾಳಿಗುಳ್ಳೆ ಉಳಿದಿದ್ದರೂ ಮಟ್ಟ ತಪ್ಪುತ್ತದೆ ಎಂದು ಅವರು ಪೈಪನ್ನು ಬೆರಳಲ್ಲಿ ತಟ್ಟುತ್ತಾ ಗುಳ್ಳೆಯನ್ನು ಮೇಲಕ್ಕೆ ಓಡಿಸಿದ ರೀತಿ ಯಾವ ಪ್ರಯೋಗಾಲಯದಲ್ಲೂ ನನಗೆ ಕಾಣಸಿಗಲಿಲ್ಲ. ಕೈಕೆಲಸದೊಳಗಿನ ಈ ಬುದ್ಧಿಯನ್ನು ಎಲ್ಲ ಮಕ್ಕಳೆದುರು ತೆರೆದಿಡದೆ, ಗೊತ್ತಿದ್ದವನ ಕೈಗೆ ಕರಣೆ ಕೊಟ್ಟು ಸುಮ್ಮನಾದರೆ ಅಲ್ಲಿ ಕಲಿಕೆ ಇಲ್ಲ, ಬರೀ ಕೂಲಿ ಇದೆ.

ಕೂಲಿ ಎಂಬ ಮಾತು ಸುಮ್ಮನೆ ಬಳಸಲಿಲ್ಲ. 14 ತುಂಬದ ಮಕ್ಕಳನ್ನು ಯಾವ ಉದ್ಯೋಗದಲ್ಲೂ ದುಡಿಸುವಂತಿಲ್ಲ ಎಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯ ಕನಿಷ್ಠ ವಯಸ್ಸೂ 14. ನಿಮ್ಮ ಮಕ್ಕಳು 11ರಿಂದ 14ರವರು. ಕೆಲಸ ಶಾಲೆಯೊಳಗೇ ಇರಲಿ, ಒಬ್ಬ ಶಿಕ್ಷಕರು ಎದುರಿಗಿರಲಿ, ಎಸ್‌ಡಿಎಂಸಿಯವರಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮೊದಲೇ ತಿಳಿಸಿ. ಹಸಿ ಸಿಮೆಂಟು ಎಳೆಯ ಚರ್ಮ ಸುಡುತ್ತದೆ, ಕೈಗವಸು ತನ್ನಿ. ಗುಂಡಿ ನೀವೇ ತೋಡಿದ್ದು ಓದಿ ಸಮಾಧಾನವಾಯಿತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂದ ಮೇಲೆ, ಮಕ್ಕಳು ಮತ್ತು ಗುಂಡಿ ಎಂಬ ಎರಡು ಪದ ಒಟ್ಟಿಗೆ ಕಂಡರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಆ ತಂದೆಯ ಮನೆಗೆ ಹೋಗಿ. ಹೆಡ್‌ಮೇಷ್ಟ್ರನ್ನು ಕರೆದುಕೊಂಡು ಹೋಗಬೇಡಿ, ಅದು ಪಂಚಾಯ್ತಿಯಾಗುತ್ತದೆ. ಅವರು ಕೆಲಸ ಮುಗಿಸಿ ಬಂದು ಕೈಕಾಲು ತೊಳೆದುಕೊಂಡ ಮೇಲೆ, ಒಬ್ಬರೇ ಹೋಗಿ. ‘ಅಣ್ಣಾ, ನೀವು ಹೇಳಿದ್ದು ಸರಿ. ಲೆಕ್ಕದ ಪುಸ್ತಕ ನಿಮ್ಮ ಮಗನಿಗೆ ಕೊಡಬೇಕಿತ್ತು’ ಅನ್ನಿ. ಸಮರ್ಥನೆಗೆ ಹೋಗಬೇಡಿ. ಪೆಟ್ರೋಲಿನ ಮಾತಂತೂ ಬೇಡವೇ ಬೇಡ. ಆಮೇಲೆ, ಅವರಿಗೆ ಮನಸ್ಸಿದ್ದರೆ, ಒಂದು ಶನಿವಾರ ಮೂಲೆ ತೆಗೆಯುವುದನ್ನೂ ಮಟ್ಟ ನೋಡುವುದನ್ನೂ ಮಕ್ಕಳಿಗೆ ಹೇಳಿಕೊಡಿ ಎಂದು ಕೇಳಿ. ಕುರ್ಚಿ ಹಾಕಿ, ಮೇಷ್ಟ್ರೆಂದು ಕರೆದು, ನಿಮ್ಮನ್ನು ಹೇಗೆ ಬರಮಾಡಿಕೊಂಡರೋ ಹಾಗೆಯೇ. ಒಂದು ಮಾತು ಮರೆಯಬೇಡಿ: ನೀವು ಶನಿವಾರ ಕೊಟ್ಟರೂ ನಿಮ್ಮ ಸಂಬಳ ಬರುತ್ತದೆ, ಅವರು ಕೊಟ್ಟರೆ ಅಂದಿನ ಕೂಲಿ ಹೋಗುತ್ತದೆ. ನಾಲ್ಕು ಜನ ಕೈಯಿಂದ ಹಾಕಿ ಆ ದಿನದ ಪೂರ್ತಿ ಕೂಲಿ ಕೊಡಿ. ಅದು ಉಪಕಾರವಲ್ಲ, ಪಾಠ ಹೇಳಿದ್ದಕ್ಕೆ ಸಲ್ಲಬೇಕಾದದ್ದು.

ನಿಮ್ಮ ಮಗಳ ವಿಚಾರ. ಬಾಯಿ ಬರದೆ ಹೋದದ್ದು ಆ ಪ್ರಶ್ನೆಗಲ್ಲವೇ? ಅವಳ ಶಾಲೆ ಬದಲಿಸಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ಮನೆಯ ನಿರ್ಧಾರ. ಆದರೆ ಶನಿವಾರ ಅವಳನ್ನೂ ಕರೆದುಕೊಂಡು ಹೋಗಿ. ನೋಡುವುದಕ್ಕಲ್ಲ, ಇಟ್ಟಿಗೆ ಹೊರುವುದಕ್ಕೆ, ಕಲಸಿದ ಗಾರೆ ಎತ್ತುವುದಕ್ಕೆ. ಆ ಕೆಲಸ ನಿಮ್ಮ ಮಗಳಿಗೆ ಒಳ್ಳೆಯದೆಂದು ನಿಮಗೆ ಅನ್ನಿಸದಿದ್ದರೆ, ಬೇರೆಯವರ ಮಗನಿಗೆ ಒಳ್ಳೆಯದೆಂದು ಹೇಗೆ ಹೇಳುತ್ತೀರಿ? ಅನ್ನಿಸಿದರೆ, ಆ ತಂದೆಯ ಪ್ರಶ್ನೆಗೆ ನೀವು ಬಾಯಿಬಿಟ್ಟು ಉತ್ತರಿಸಬೇಕಾಗಿಯೇ ಇಲ್ಲ.

ಕೊನೆಗೊಂದು. ಇಷ್ಟುದ್ದದ ಪತ್ರದಲ್ಲಿ ಆ ಹುಡುಗ ಏನಂದ ಎಂದು ಒಂದು ಸಾಲೂ ಇಲ್ಲ. ಅಪ್ಪನ ಕೋಪಕ್ಕೆ ಹೋದನೋ, ಎಲ್ಲರೆದುರು ಮಾತು ಬಂತೆಂದು ನಾಚಿ ಹೋದನೋ, ಕರಣೆಯೇ ಸಾಕಾಗಿತ್ತೋ, ಇಲ್ಲ ಅದೇ ಇಷ್ಟವಾಗಿತ್ತೋ. ಮನೆಗೆ ಹೋದಾಗ ಅವನನ್ನೂ ಕೂರಿಸಿಕೊಂಡು ಕೇಳಿ, ಅವನು ಬೇಡವೆಂದರೆ ಬೇಡ. ಆ ಎರಡು ಸಾಲು ಇಟ್ಟಿಗೆಯನ್ನು ಮಾತ್ರ ಈ ವಾರ ನೀವಾಗಿ ಮುಗಿಸಿಬಿಡಬೇಡಿ. ಅವನು ಏನು ಹೇಳುತ್ತಾನೋ ತಿಳಿಯುವವರೆಗೆ ಹಾಗೇ ಇರಲಿ. ತಿಳಿದ ಮೇಲೆ ನನಗೂ ಬರೆಯಿರಿ.