ಕಾಫಿಪುಡಿ ಪೊಟ್ಟಣ ಓದುವ ಬಗೆ

ಹೊರನಾಡಿಗೆ ಬಂದವರು ಅನ್ನಪೂರ್ಣೇಶ್ವರಿಯ ದರ್ಶನ ಮಾಡಿ, ಪ್ರಸಾದದ ಊಟ ಮುಗಿಸಿ ಹೊರಡುವಾಗ ಒಂದು ಪೊಟ್ಟಣ ಕಾಫಿಪುಡಿ ಕೊಳ್ಳುವುದುಂಟು. ಕಳಸದ ದಾರಿಯುದ್ದಕ್ಕೂ ತೋಟಗಳನ್ನೇ ನೋಡಿಕೊಂಡು ಬಂದಿರುತ್ತಾರಲ್ಲ, ಇಲ್ಲಿ ಸಿಗುವುದು ಅಪ್ಪಟ ಪುಡಿಯೇ ಎಂದು ನಂಬುತ್ತಾರೆ. ಅದೇ ಅಂಗಡಿ ಮುಂದೆ ಇದಕ್ಕೆ ತದ್ವಿರುದ್ಧವಾದ ಮಾತೂ ಕಿವಿಗೆ ಬೀಳುತ್ತದೆ: "ಕಂಪನಿಯವರೆಲ್ಲ ಕಳ್ಳರೇ ಕಣ್ರೀ, ಚಿಕೋರಿ ಬೆರೆಸಿ ವಿಷ ಕುಡಿಸ್ತಾರೆ." ನಂಬಿದವರೂ ಬೈದವರೂ ಪೊಟ್ಟಣವನ್ನು ತಿರುಗಿಸಿ ನೋಡಿರುವುದಿಲ್ಲ.

ಈ ಪಾಠ ತಿರುಗಿಸಿ ನೋಡಬೇಕೆನ್ನುವವರಿಗೆ. ಕೇಳಬೇಕಾದ ಪ್ರಶ್ನೆ ಮೂರು. ಒಳಗೆ ಏನಿದೆಯೆಂದು ನನಗೆ ಹೇಳಿದ್ದಾರೆಯೇ? ಅದರಿಂದ ಮೈಗೆ ಕೆಡುಕುಂಟೇ? ಹೇಳಿದ್ದನ್ನು ಅಳೆದವರು ಯಾರು? ಇವನ್ನು ಒಂದೊಂದಾಗಿಯೇ ಕೇಳಬೇಕು. ನಮ್ಮ ಕಟ್ಟೆ ಮಾತುಗಳಲ್ಲಿ ಮೂರೂ ಕಲಸಿಹೋಗುವುದರಿಂದಲೇ ವಾದ ಮುಗಿಯುವುದಿಲ್ಲ.

ಒಳಗೆ ಏನಿದೆ?

ಚಿಕೋರಿ ಒಂದು ಗಿಡದ ಬೇರು. ನಮ್ಮ ಗುಡ್ಡಗಳಲ್ಲಿ ಅದನ್ನು ಬೆಳೆಯುವುದಿಲ್ಲ. ಗುಜರಾತ್, ಉತ್ತರ ಪ್ರದೇಶಗಳಿಂದ ಬರುತ್ತದೆ. ಬೇರನ್ನು ತುಂಡರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಗಟ್ಟಿತನ, ಸ್ವಲ್ಪ ಕಹಿ ಕೊಡುತ್ತದೆ. ಎಷ್ಟೋ ಮನೆಗಳಲ್ಲಿ ಆ ರುಚಿಯೇ ಬೇಕು. ಕಾಫಿಬೀಜಕ್ಕಿಂತ ಅಗ್ಗವೆಂಬುದು ವ್ಯಾಪಾರಿಗೆ ಮುಖ್ಯ.

ಬೆರೆಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಆದರೆ ಎರಡು ಕಟ್ಟಳೆ ಇವೆ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಮಿಶ್ರಣದಲ್ಲಿ ತೂಕದ ಲೆಕ್ಕಕ್ಕೆ ಕನಿಷ್ಠ ಶೇ 51 ಕಾಫಿ ಇರಬೇಕು. ಜೊತೆಗೆ, ಇದು ಚಿಕೋರಿ ಬೆರೆಸಿದ ಕಾಫಿ, ಕಾಫಿ ಶೇಕಡಾ ಇಷ್ಟು, ಚಿಕೋರಿ ಶೇಕಡಾ ಇಷ್ಟು ಎಂದು ಪೊಟ್ಟಣದ ಮೇಲೆ ಅಚ್ಚಾಗಿರಬೇಕು.

ಈಗ ಒಂದು ಸಣ್ಣ ಲೆಕ್ಕ. ಅರ್ಧ ಕಿಲೋ ಪೊಟ್ಟಣದ ಮೇಲೆ 80:20 ಎಂದಿದ್ದರೆ ಅದರಲ್ಲಿ 400 ಗ್ರಾಂ ಕಾಫಿ ಇದೆ. 53:47 ಎಂದಿದ್ದರೆ 265 ಗ್ರಾಂ ಮಾತ್ರ. ಎರಡೂ ಕಾನೂನಿನೊಳಗೇ ಇವೆ. ಯಾವುದು ಅಗ್ಗವೆಂದು ತಿಳಿಯಲು ಬೆಲೆಯನ್ನು ಕಾಫಿಯ ಗ್ರಾಂನಿಂದ ಭಾಗಿಸಿ. ಕಡಿಮೆ ದರದ್ದೆಂದು ಕೊಂಡ ಪೊಟ್ಟಣ ಹಲವು ಸಲ ದುಬಾರಿಯೇ ಆಗಿರುತ್ತದೆ.

ಅಳತೆ ಬರೆಯದ ಬಿಡಿ ಪುಡಿಯಾದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದ ತುಂಬ ತಣ್ಣೀರು ತೆಗೆದುಕೊಂಡು ಮೇಲೆ ಚಿಟಿಕೆ ಪುಡಿ ಉದುರಿಸಿ. ಕಾಫಿ ಸ್ವಲ್ಪ ಹೊತ್ತು ತೇಲುತ್ತದೆ. ಚಿಕೋರಿ ಕಂದು ಗೆರೆ ಎಳೆಯುತ್ತ ಬೇಗ ತಳಕ್ಕೆ ಇಳಿಯುತ್ತದೆ. ಚಿಕೋರಿ ಇದೆಯೋ ಇಲ್ಲವೋ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಎಷ್ಟಿದೆ ಎಂದು ಹೇಳಲು ಪ್ರಯೋಗಾಲಯವೇ ಬೇಕು.

ಕೆಡುಕು ಎಷ್ಟು?

ಶೇ 30 ಚಿಕೋರಿ ಹಾಕಿ ಶೇ 10 ಎಂದು ಬರೆದವನು ಮೋಸಗಾರ. ಆದರೆ ಅವನು ವಿಷ ಹಾಕಿದವನಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯೂ ಇವೆರಡನ್ನು ಬೇರೆಯಾಗಿಯೇ ಇಟ್ಟಿದೆ. ತಪ್ಪು ಲೇಬಲ್ಲಿಗೆ 52ನೇ ಕಲಂ ಕೆಳಗೆ 3 ಲಕ್ಷ ರೂಪಾಯಿವರೆಗೆ ದಂಡ. ಅಸುರಕ್ಷಿತ ಆಹಾರಕ್ಕೆ 59ನೇ ಕಲಂ. ಅದರಿಂದ ಜೀವಹಾನಿಯಾದರೆ ಕನಿಷ್ಠ 7 ವರ್ಷದಿಂದ ಜೀವಾವಧಿವರೆಗೆ ಸೆರೆವಾಸ. ಮೋಸವನ್ನೆಲ್ಲ ವಿಷವೆಂದು ಕೂಗುತ್ತಿದ್ದರೆ ನಿಜವಾಗಿ ವಿಷ ಸೇರಿದ ದಿನ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ. ಅತ್ತ, ಮೋಸವಿಲ್ಲದ ಅಪ್ಪಟ ಪುಡಿಯೂ ಮಿತಿ ಮೀರಿದರೆ ಮೈಗೆ ಒಗ್ಗುವುದಿಲ್ಲ.

ಕೆಫೀನನ್ನೇ ನೋಡಿ. ಸಾಮಾನ್ಯವಾಗಿ ರೋಬಸ್ಟಾ ಜಾತಿಯ ಕಾಫಿಯಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ. ದಿನಕ್ಕೆ 300 ಮಿಲಿಗ್ರಾಂ ಮೀರದಿರಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಅದರ ಪ್ರಕಾರ 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆ. ಅಂದರೆ ಮೂರು ಲೋಟಕ್ಕೇ ಮಿತಿ ಹತ್ತಿರವಾಯಿತು. ಊಟಕ್ಕೆ ಒಂದು ಗಂಟೆ ಮುಂಚೆಯಾಗಲಿ, ಊಟವಾಗಿ ಒಂದು ಗಂಟೆಯೊಳಗಾಗಲಿ ಕಾಫಿ ಕುಡಿಯಬೇಡಿ ಎಂದೂ ಅದು ಹೇಳುತ್ತದೆ. ಕಾಫಿಯ ಟ್ಯಾನಿನ್ ಅನ್ನದ ಜೊತೆ ಬರುವ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ರಕ್ತಹೀನತೆ ಇರುವವರಿಗೆ ಇದು ಚಿಕೋರಿಗಿಂತ ದೊಡ್ಡ ಸಂಗತಿ.

ಇನ್ನು ಕ್ಯಾನ್ಸರ್ ಭಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯನ್ನು ಅನುಮಾನದ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಪುರಾವೆಗಳನ್ನೆಲ್ಲ ಮತ್ತೆ ನೋಡಿ ಅಲ್ಲಿಂದ ತೆಗೆಯಿತು. ಆದರೆ 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಅಪಾಯ ತರುವ ಸಂಭವವಿದೆ ಎಂದಿತು. ಮಳೆಗಾಲದ ಚಳಿಗೆ ಸುಡುಸುಡು ಕಾಫಿ ಗಂಟಲಿಗೆ ಸುರಿದುಕೊಳ್ಳುವ ಮಲೆನಾಡಿನವರು ನೆನಪಿಡಬೇಕಾದ ಮಾತು ಇದು. ಲೋಟವನ್ನು ಎರಡು ನಿಮಿಷ ಆರಲು ಬಿಟ್ಟರೆ ಸಾಕು.

ಅಳೆದವರು ಯಾರು?

ಅಳತೆ ಶುರುವಾಗುವುದು ಪೊಟ್ಟಣದಲ್ಲಲ್ಲ, ತೋಟದ ಕಣದಲ್ಲಿ. ಕೊಯ್ಲಿನ ಕಾಲಕ್ಕೆ ಅಕಾಲ ಮಳೆ ಬಂದರೆ ಕಣದಲ್ಲಿ ಹರಡಿದ ಹಣ್ಣು ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ. ಕೆಲವು ಬೂಸಲುಗಳು ಆಕ್ರಟಾಕ್ಸಿನ್ ಎಂಬ ನಂಜನ್ನು ಬಿಡುತ್ತವೆ. ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಐರೋಪ್ಯ ಒಕ್ಕೂಟ ಹುರಿದ ಕಾಫಿಯಲ್ಲಿ ಇದರ ಮಿತಿಯನ್ನು ಕಿಲೋಗೆ 5 ಮೈಕ್ರೋಗ್ರಾಂ ಇದ್ದದ್ದನ್ನು 2023ರಿಂದ 3ಕ್ಕೆ ಇಳಿಸಿದೆ. ಬೂಸಲು ಹಿಡಿಯದಿರಲೆಂದೇ ಕಾಫಿ ಬೋರ್ಡ್ ಒಣಗಿಸುವಿಕೆಗೆ ಅಳತೆ ಇಟ್ಟಿದೆ: ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟಿನಲ್ಲಿ ಶೇ 10, ಇಡೀ ಹಣ್ಣಾಗಿಯೇ ಒಣಗಿಸಿದ ಅರೇಬಿಕಾ ಚೆರ್ರಿಯಲ್ಲಿ 10.5, ರೋಬಸ್ಟಾ ಚೆರ್ರಿಯಲ್ಲಿ 11ರಷ್ಟು ತೇವಾಂಶ.

ಹಿಂದೆ ಬೀಜ ಕಚ್ಚಿ ನೋಡಿಯೋ, ಅಳತೆ ಡಬ್ಬದಲ್ಲಿ ತುಂಬಿ ತೂಗಿಯೋ ಒಣಗಿದ್ದನ್ನು ತಿಳಿಯುತ್ತಿದ್ದರು. ಈಗ ತೇವಾಂಶದ ಮೀಟರ್ ಬಂದಿದೆ. ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವ ತೋಟಗಳಲ್ಲಿ ಸಂಜೆ ಹಣ್ಣು ತೂಗಲು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ತೋಟದಿಂದ ಕೊಳ್ಳುವವರವರೆಗಿನ ದಾರಿ ದಾಖಲಾಗಲೆಂದು ಕಾಫಿ ಬೋರ್ಡ್ 2019ರಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆ ಆ್ಯಪ್ ತಂದಿತು. 2020ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾಯ್ದೆ ತೋಟದ ಅಕ್ಷಾಂಶ ರೇಖಾಂಶವನ್ನೇ ಕೇಳುತ್ತದೆ.

ಯಂತ್ರ ಬಂದ ಮೇಲೆ ಮೋಸಕ್ಕೆ ಜಾಗವಿಲ್ಲ ಎನ್ನುವವರಿದ್ದಾರೆ. ಯಂತ್ರವೇ ಮೋಸ ಎನ್ನುವವರೂ ಇದ್ದಾರೆ. ಎರಡಕ್ಕೂ ಒಂದೇ ಉತ್ತರ. ಆ್ಯಪ್ ತನಗೆ ಕೊಟ್ಟ ಅಂಕಿಯನ್ನು ಜೋಪಾನ ಮಾಡುತ್ತದೆ, ಕೊಟ್ಟ ಅಂಕಿ ಸರಿಯೇ ಎಂದು ತೋಟಕ್ಕೆ ಬಂದು ನೋಡುವುದಿಲ್ಲ. ತಕ್ಕಡಿಯ ಅಂಕಿ ತೋಟದ ಲೆಕ್ಕ ಬರೆಯುವ ರೈಟರಿಗೆ ಕಾಣುವಷ್ಟೇ ಸ್ಪಷ್ಟವಾಗಿ ಹಣ್ಣು ಕೊಯ್ದ ಹೆಂಗಸಿಗೂ ಕಾಣಬೇಕು. ಮೀಟರ್ ವ್ಯಾಪಾರಿಯ ಬಳಿ ಮಾತ್ರ ಇದ್ದರೆ ಬೆಳೆಗಾರ ತಲೆಯಾಡಿಸುವುದಷ್ಟೇ ಉಳಿಯುತ್ತದೆ. ತನ್ನದೊಂದು ಇದ್ದರೆ ಮಾತಾಡಬಹುದು. ಅಳತೆಯನ್ನು ಇನ್ನೊಬ್ಬರೂ ಅಳೆದು ನೋಡುವಂತಿದ್ದರೆ ಮಾತ್ರ ಅದನ್ನು ಪ್ರಾಮಾಣಿಕ ಎನ್ನಬಹುದು.

ಕೊಳ್ಳುವಾಗ

ಪೊಟ್ಟಣದ ಮೇಲೆ ನಾಲ್ಕನ್ನು ಹುಡುಕಿ: ಕಾಫಿ ಚಿಕೋರಿಗಳ ಶೇಕಡಾವಾರು, ತಯಾರಾದ ದಿನ, ತಯಾರಕರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ. ಬಿಡಿ ಪುಡಿಯಾದರೆ ಬೀಜವನ್ನು ಎದುರಿಗೇ ಪುಡಿ ಮಾಡಿಸಿ. ಬಿಲ್ ಕೇಳಿ ಪಡೆಯಿರಿ.

ಅನುಮಾನ ಬಂದರೆ ಊರೆಲ್ಲ ಸಾರುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಥವಾ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಹಕ್ಕೂ ಇದೆ. 2006ರ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಅಧಿಕಾರ ಸಾಮಾನ್ಯ ಗ್ರಾಹಕನಿಗೂ ಉಂಟು. ಪದಾರ್ಥ ನಿಯಮಕ್ಕೆ ತಪ್ಪಿದ್ದೆಂದು ವರದಿ ಬಂದರೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ.